398 ಸಿಸಿ, 170 ಕಿಲೋ, ಒಂದು ಗಂಟೆ

ನೇಕೆಡ್ ಬೈಕ್ ಅಂದರೆ ಬತ್ತಲೆ ಬೈಕು. ಹೆಸರು ಕೇಳಿ ನಗಬೇಡಿ, ಮೋಟಾರ್‌ಸೈಕಲ್ ಪತ್ರಿಕೆಗಳಲ್ಲಿ ಇದು ಬಹಳ ಗಂಭೀರವಾದ ಪದ. ಮೈಮೇಲೆ ಪ್ಲಾಸ್ಟಿಕ್ ಹೊದಿಕೆ, ಅಂದರೆ ಫೇರಿಂಗ್, ಇಲ್ಲದೆ ಇಂಜಿನ್ನು, ಫ್ರೇಮು, ಪೈಪುಗಳೆಲ್ಲ ಹೊರಗೆ ಕಾಣೋ ಗಾಡಿಗೆ ಹಾಗನ್ನುತ್ತಾರೆ. ನಮ್ಮ ಕಾಲದ ಊರಿನ ಲೆಕ್ಕದಲ್ಲಿ ಇದಕ್ಕೊಂದು ಬೇರೆ ಹೆಸರೇ ಬೇಕಿರಲಿಲ್ಲ. ಯೆಜ್ಡಿ, ಬುಲೆಟ್, ರಾಜದೂತ್, ಆರ್‌ಎಕ್ಸ್ 100 ಎಲ್ಲವೂ ಹುಟ್ಟಿದ್ದೇ ಹಾಗೆ, ಓಡಾಡಿದ್ದೂ ಹಾಗೇ. ಬೇರೆ ದೇಶಗಳಲ್ಲಿ ಮೊದಲು ಬಟ್ಟೆ ತೊಡಿಸಿದರು. 1985ರಲ್ಲಿ ಸುಜುಕಿ ಜಿಎಸ್‌ಎಕ್ಸ್-ಆರ್ 750 ಬಂದ ಮೇಲೆ ರೇಸ್ ಗಾಡಿಯ ಥರ ಮೈ ಮುಚ್ಚಿದ ಬೈಕುಗಳದ್ದೇ ಭರಾಟೆ. ಆಮೇಲೆ ಬೇಜಾರಾಗಿ ಬಿಚ್ಚಿದರು. 1993ರಲ್ಲಿ ಮಾರುಕಟ್ಟೆಗೆ ಬಂದ ಡುಕಾಟಿ ಮಾನ್‌ಸ್ಟರ್ ಬಿಚ್ಚಿದ್ದನ್ನೇ ಫ್ಯಾಷನ್ ಮಾಡಿತು. ನಮ್ಮಲ್ಲಿ ಎಲ್ಲ ಉಲ್ಟಾ. 2003ರ ಕರಿಜ್ಮಾ ಅರ್ಧ ಅಂಗಿ ಹಾಕಿಕೊಂಡು ಬಂತು, 2008ರ ಯಮಾಹಾ ಆರ್15 ಪೂರ್ತಿ ಸೂಟು ಹಾಕಿಕೊಂಡು ಬಂತು.

ಇಷ್ಟು ಪೀಠಿಕೆ ಯಾಕೆ ಅಂದರೆ, ಇತ್ತೀಚೆಗೆ ಒಂದು ಶನಿವಾರ ಇಂಥದ್ದೊಂದು ಬತ್ತಲೆ ಬೈಕನ್ನು ಒಂದು ಗಂಟೆ ಓಡಿಸಿ ನೋಡಿದೆ. ಟ್ರಯಂಫ್ ಸ್ಪೀಡ್ 400. ಬರೀ ಶೋಕಿಗಲ್ಲ. ಕವೆಂಟ್ರಿಯ ನಮ್ಮ ಮನೆಯಿಂದ ನನ್ನ ಆಫೀಸು ಹನ್ನೊಂದು ಮೈಲಿ. ಮನೆಯಲ್ಲಿರೋದು ಒಂದೇ ಕಾರು, ಅದು ಬೆಳಿಗ್ಗೆ ಏಳೂವರೆಗೇ ಹೆಂಡತಿಯ ಜೊತೆ ಆಸ್ಪತ್ರೆಗೆ ಹೊರಟುಬಿಡುತ್ತೆ. ಎರಡು ಬಸ್ಸು ಬದಲಾಯಿಸಿ ಹೋದರೆ ನನಗೆ ಒಂದೂಕಾಲು ಗಂಟೆ. ಎರಡನೇ ಕಾರೋ, ಬೈಕೋ ಅನ್ನೋ ಪ್ರಶ್ನೆ ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಥರ ಎರಡು ವರ್ಷದಿಂದ ಕೂತಿದೆ. ದಿನಾ ಯಾರಾದರೊಬ್ಬರು ಮುಚ್ಚಳ ತೆಗೀತಾರೆ, ಮುಚ್ಚುತ್ತಾರೆ.

ನಮ್ಮಾಕೆ ಫಿಸಿಯೋಥೆರಪಿಸ್ಟ್. ಕೆಲಸ ಮೂಳೆ ವಾರ್ಡಿನಲ್ಲಿ. ಬೈಕಿನ ಮಾತು ಬಂದಾಗ ಅವಳು ಜಗಳ ಆಡೋಲ್ಲ, ಕೂಗಾಡೋಲ್ಲ. "ಈ ವಾರ ಒಬ್ಬ ಬಂದಿದ್ದಾನೆ ರೀ, ಇಪ್ಪತ್ತಾರು ವರ್ಷ, ಮಂಡಿ ಬಗ್ಗಿಸೋಕೆ ಕಲೀತಿದ್ದಾನೆ" ಅಂತಷ್ಟೇ ಹೇಳಿ ಸಾರು ಬಡಿಸುತ್ತಾಳೆ. ಅದಕ್ಕೆ ಎದುರು ವಾದ ಹೂಡೋಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ? ಹಾಗಾಗಿ ಆ ಒಂದು ಗಂಟೆಯಲ್ಲಿ ನಾನು ತಿಳಿಯಬೇಕಿದ್ದದ್ದು ಗಾಡಿ ಎಷ್ಟು ಜೋರಾಗಿ ಓಡುತ್ತೆ ಅಂತಲ್ಲ. ದಿನಾ ಬೆಳಿಗ್ಗೆ, ಮಳೆಯಲ್ಲೂ ಚಳಿಯಲ್ಲೂ, ನಲವತ್ತು ದಾಟಿದ ನನ್ನಂಥವನು ಇದರ ಮೇಲೆ ಕೂತು ಹೋಗಿ ಸಂಜೆ ವಾಪಸ್ಸು ಬರಬಹುದಾ ಅಂತ.

ಮೊದಲು ಗಾಡಿಯ ಜಾತಕ ನೋಡೋಣ. ಟ್ರಯಂಫ್ ಅನ್ನೋದು ನಮ್ಮ ಕವೆಂಟ್ರಿಯದ್ದೇ ಹೆಸರು. ಜರ್ಮನಿಯ ನ್ಯೂರೆಂಬರ್ಗಿನಿಂದ ಬಂದ ಸೀಗ್‌ಫ್ರೀಡ್ ಬೆಟ್‌ಮನ್ ಸೈಕಲ್ ವ್ಯಾಪಾರದಿಂದ ಶುರುಮಾಡಿ, 1902ರಲ್ಲಿ ಮೊದಲ ಮೋಟಾರ್‌ಸೈಕಲ್ ಮಾಡಿದ್ದು ಈ ಊರಲ್ಲಿ. ಆಮೇಲೆ ಊರಿನ ಮೇಯರ್ ಕೂಡ ಆದರು. 1940ರ ನವೆಂಬರಿನ ಬಾಂಬ್ ದಾಳಿಯಲ್ಲಿ ಊರಿನ ಜೊತೆ ಕಾರ್ಖಾನೆಯೂ ಹಾಳಾಯಿತು. 1942ರಲ್ಲಿ ಪಕ್ಕದ ಮೆರಿಡನ್‌ಗೆ ಹೋಯಿತು, 1983ರಲ್ಲಿ ಅಲ್ಲೂ ಬಾಗಿಲು ಹಾಕಿತು. ಮನೆ ಕಟ್ಟಿಸೋ ವ್ಯವಹಾರದ ಜಾನ್ ಬ್ಲೂರ್ ಹೆಸರನ್ನು ಕೊಂಡು, 1991ರಿಂದ ಹಿಂಕ್ಲಿಯಲ್ಲಿ ಮತ್ತೆ ಗಾಡಿ ಮಾಡಿಸಿದರು. ಈಗ ಹಿಂಕ್ಲಿಯಲ್ಲಿ ಮುಖ್ಯವಾಗಿ ನಡೆಯೋದು ವಿನ್ಯಾಸದ ಕೆಲಸ, ಹೆಚ್ಚಿನ ಗಾಡಿಗಳು ತಯಾರಾಗೋದು ಥಾಯ್ಲೆಂಡಿನಲ್ಲಿ. ಈ ಸ್ಪೀಡ್ 400 ಮಾತ್ರ ನಮ್ಮ ಪುಣೆ ಹತ್ತಿರದ ಚಾಕಣದಲ್ಲಿ, ಬಜಾಜ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಎರಡೂ ಕಂಪೆನಿಗಳು ಒಪ್ಪಂದಕ್ಕೆ ಸಹಿ ಹಾಕಿದ್ದು 2020ರ ಜನವರಿಯಲ್ಲಿ, ಗಾಡಿ ಹೊರಬಂದಿದ್ದು 2023ರಲ್ಲಿ.

ಇಂಗ್ಲೆಂಡಿನ ಹೆಸರು ಹಣೆಗೆ ಬರೆಸಿಕೊಂಡ ಗಾಡಿ ಮಹಾರಾಷ್ಟ್ರದಲ್ಲಿ ಹುಟ್ಟಿ, ಹಡಗು ಹತ್ತಿ ಇಂಗ್ಲೆಂಡಿಗೇ ಬಂದು ಮಾರಾಟ ಆಗೋದು ಇಲ್ಲಿನ ಕೆಲವು ಹಿರಿಯರಿಗೆ ನುಂಗಲಾರದ ತುತ್ತು. ಕನ್ನಡಿಗರಿಗೆ ಇದೇನೂ ಹೊಸ ಕಥೆಯಲ್ಲ ಬಿಡಿ. ಝೆಕೊಸ್ಲೊವಾಕಿಯಾದ ಜಾವಾ ಬೈಕನ್ನು 1961ರಿಂದ ಮೈಸೂರಲ್ಲಿ ಮಾಡಿದ್ದು ಐಡಿಯಲ್ ಜಾವಾ. 1973ರಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಷ್ಟರೊಳಗೆ ಅದು ಎಲ್ಲಿಯ ಗಾಡಿ ಅನ್ನೋದನ್ನೇ ಎಲ್ಲರೂ ಮರೆತಿದ್ದರು. ಅದು ಮೈಸೂರಿನ ಗಾಡಿ, ಅಷ್ಟೇ. ಒದ್ದು ಸ್ಟಾರ್ಟ್ ಮಾಡೋ ಕಿಕ್ಕರನ್ನೇ ಮಡಚಿ ಗೇರ್ ಹಾಕೋ ವಿದ್ಯೆ ಬಲ್ಲವನಿಗೆ ಪ್ರಾಗ್ ಯಾಕೆ ಬೇಕು?

ಇನ್ನು ಅಂಕಿಅಂಶ. ಒಂದೇ ಸಿಲಿಂಡರ್, 398 ಸಿಸಿ, ನೀರಿನಿಂದ ತಂಪಾಗೋ ಇಂಜಿನ್ನು. ಸಿಲಿಂಡರ್ ಮೇಲೆ ಹಳೇ ಗಾಡಿಗಳ ಹಾಗೆ ರೆಕ್ಕೆರೆಕ್ಕೆ ಫಿನ್ನುಗಳಿವೆ, ಹೆಚ್ಚಾಗಿ ಅಂದಕ್ಕೆ. 8,000 ಆರ್‌ಪಿಎಂನಲ್ಲಿ 40 ಪಿಎಸ್ ಶಕ್ತಿ, 6,500ರಲ್ಲಿ 37.5 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರು, 13 ಲೀಟರಿನ ಟ್ಯಾಂಕು. ಸೀಟಿನ ಎತ್ತರ 790 ಮಿಲಿಮೀಟರು, ಬಿಡುಗಡೆಯ ಹೊತ್ತಿನಲ್ಲಿ ಕಂಪೆನಿ ಕೊಟ್ಟ ತೂಕ ಪೆಟ್ರೋಲು, ಆಯಿಲು ಎಲ್ಲ ಸೇರಿ 170 ಕಿಲೋ. ನಮ್ಮ ಚಿಕ್ಕಪ್ಪನ ಆರ್‌ಎಕ್ಸ್ 100ಗೆ 98 ಸಿಸಿ, 11 ಕುದುರೆ, ನೂರು ಕಿಲೋಗೆ ಸ್ವಲ್ಪ ಮೇಲೆ. ಅಂದರೆ ತೂಕ ಎರಡರಷ್ಟೂ ಇಲ್ಲ, ಶಕ್ತಿ ಮೂರೂವರೆ ಪಟ್ಟು.

ಈ ಗಾಡಿ ದೊಡ್ಡದೋ ಚಿಕ್ಕದೋ ಅನ್ನೋದು ನೀವು ಎಲ್ಲಿ ನಿಂತು ನೋಡ್ತೀರಿ ಅನ್ನೋದರ ಮೇಲೆ. ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ನೂರಕ್ಕೆ 40 ಜಿಎಸ್‌ಟಿ, ಅದರ ಕೆಳಗಿನದಕ್ಕೆ 18. ಸರಕಾರದ ಲೆಕ್ಕದಲ್ಲಿ ಇದು ಶ್ರೀಮಂತರ ವಿಲಾಸ. ಇಲ್ಲಿ 19 ತುಂಬಿದ ಹುಡುಗ ಹುಡುಗಿಯರಿಗೆ ಸಿಗೋ ಎ2 ಲೈಸೆನ್ಸಿಗೆ 35 ಕಿಲೋವ್ಯಾಟ್ ಮಿತಿ, ಈ ಗಾಡಿಯ ಶಕ್ತಿ 30ರ ಒಳಗೇ ಇದೆ. ಇಲ್ಲಿಯವರ ಕಣ್ಣಲ್ಲಿ ಇದು ಕಲಿಯೋ ಮಕ್ಕಳ ಗಾಡಿ. ಅದೇ ಗಾಡಿ, ಅಲ್ಲಿ ಯಜಮಾನ, ಇಲ್ಲಿ ಅಂಬೆಗಾಲು.

ಲೈಸೆನ್ಸಿನ ಮಾತು ಬಂತಲ್ಲ, ಹೊಸದಾಗಿ ಬಂದವರಿಗೆ ಉಪಯೋಗವಾಗಲಿ ಅಂತ ಹೇಳಿಬಿಡ್ತೀನಿ. ನಮ್ಮ ಭಾರತದ ಲೈಸೆನ್ಸು ಇಲ್ಲಿ ನೆಲೆಸಿದ ಮೇಲೆ ಹನ್ನೆರಡು ತಿಂಗಳು ನಡೆಯುತ್ತೆ, ಆಮೇಲೆ ಅದು ಪರ್ಸಿನಲ್ಲಿ ಇಟ್ಟುಕೊಳ್ಳೋಕೆ ಚೆನ್ನಾಗಿರೋ ಫೋಟೋ ಅಷ್ಟೇ. ಮೊದಲು ಸಿಬಿಟಿ ಅನ್ನೋ ಒಂದು ದಿನದ ತರಬೇತಿ, ಎರಡು ವರ್ಷಕ್ಕೆ ಮಾತ್ರ ಮಾನ್ಯ. ಆಮೇಲೆ ಥಿಯರಿ. ಐವತ್ತಕ್ಕೆ ನಲವತ್ತಮೂರು ತೆಗೀಬೇಕು, ಕಾರಿನ ಥಿಯರಿ ಪಾಸಾಗಿದ್ದರೂ ಬೈಕಿಗೆ ಬೇರೆ. ಆಮೇಲೆ ಮಾಡ್ಯೂಲ್ ಒಂದು: ಖಾಲಿ ಮೈದಾನದಲ್ಲಿ ಕೋನ್‌ಗಳ ಮಧ್ಯೆ ಎಂಟರ ಆಕಾರ, ಯು-ಟರ್ನ್, ನಡಿಗೆಯ ವೇಗದಲ್ಲಿ ಕಾಲು ಊರದೆ ಓಡಿಸೋದು, ಗಂಟೆಗೆ 50 ಕಿಲೋಮೀಟರ್ ವೇಗ ಮುಟ್ಟಿ ಗಕ್ಕನೆ ನಿಲ್ಲಿಸೋದು, ಅದೇ ವೇಗದಲ್ಲಿ ಅಡ್ಡ ಬಂದದ್ದನ್ನು ತಪ್ಪಿಸೋದು. ಕೊನೆಗೆ ಮಾಡ್ಯೂಲ್ ಎರಡು, ಪರೀಕ್ಷಕರು ಹಿಂದೆ ಬರ್ತಾ ಕಿವಿಯಲ್ಲಿ ರೇಡಿಯೋ ಮೂಲಕ ದಾರಿ ಹೇಳ್ತಾರೆ. 24 ದಾಟಿದವರು ನೇರವಾಗಿ ದೊಡ್ಡ ಗಾಡಿಯಲ್ಲೇ ಪರೀಕ್ಷೆ ಕೊಡಬಹುದು. ನಾನು ಕೊಟ್ಟಿದ್ದೂ ಹಾಗೇ, ತರಬೇತಿ ಶಾಲೆಯ 650 ಸಿಸಿ ಗಾಡಿಯಲ್ಲಿ. ಅದರ ತೂಕ ಇನ್ನೂರು ಕಿಲೋ ದಾಟಿತ್ತು. ಆ ಎರಡು ವಾರ ನನಗೆ ರಸ್ತೆಗಿಂತ ಜಾಸ್ತಿ ಭಯ ಇದ್ದದ್ದು ಆ ಗಾಡಿಯನ್ನು ಸ್ಟ್ಯಾಂಡ್‌ನಿಂದ ಎತ್ತೋದರಲ್ಲಿ!

ಷೋರೂಮಿನಲ್ಲಿ ಟೆಸ್ಟ್ ರೈಡ್ ಕೊಡೋಕೆ ಗೊಣಗಲಿಲ್ಲ. ಲೈಸೆನ್ಸು, ಡಿವಿಎಲ್‌ಎ ವೆಬ್‌ಸೈಟಿನಿಂದ ತೆಗೆದ ಕೋಡು, ಒಂದು ಫಾರಂ. ಫಾರಂನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ವಾಕ್ಯ: ಗಾಡಿ ಬಿದ್ದರೆ ಮೊದಲ ಸಾವಿರ ಪೌಂಡು ನಿಮ್ಮದು. ಸಾವಿರ ಪೌಂಡು ಅಂದಕೂಡಲೇ ಮನಸ್ಸು ರೂಪಾಯಿಗೆ ಗುಣಿಸೋ ಕೆಲಸ ಶುರುಮಾಡುತ್ತೆ ನೋಡಿ, ಎಷ್ಟು ವರ್ಷವಾದರೂ ಆ ಚಟ ಹೋಗೋಲ್ಲ. ಸಹಿ ಹಾಕಿದೆ. ಕೌಂಟರಿನ ಹುಡುಗ ಬೀಗದ ಕೈ ಕೊಟ್ಟು, "ಒಂದು ಗಂಟೆ, ಎಲ್ಲಿ ಬೇಕಾದರೂ ಹೋಗಿ ಬನ್ನಿ" ಅಂದ. ಜೊತೆಗೆ ಯಾರೂ ಬರೋದಿಲ್ಲ. ಊರಲ್ಲಿ ಷೋರೂಮಿನವನು ಹಿಂದೆ ಕೂತು "ಸಾರ್, ಇಲ್ಲೇ ತಿರುಗಿಸಿಬಿಡಿ" ಅನ್ನೋ ಆ ಅರ್ಧ ಫರ್ಲಾಂಗಿನ ಟೆಸ್ಟ್ ರೈಡ್ ನೋಡಿದವನಿಗೆ ಇದು ರಾಜಮರ್ಯಾದೆ.

ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ನಾನು ಮಾಡಿದ ಮೊದಲ ಕೆಲಸ, ಅದನ್ನು ಕೈಯಲ್ಲಿ ತಳ್ಳಿದ್ದು. ಅಂಗಳದಲ್ಲಿ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ, ಒಂದು ಪೂರ್ತಿ ಸುತ್ತು. ಕೌಂಟರಿನ ಹುಡುಗ ವಿಚಿತ್ರವಾಗಿ ನೋಡಿದ. ಆದರೆ ನನ್ನ ಮಟ್ಟಿಗೆ ಅರ್ಧ ಟೆಸ್ಟ್ ರೈಡ್ ಅಲ್ಲೇ ಮುಗಿದಿತ್ತು. ಯಾಕೆ ಅಂದರೆ, ದಿನಾ ಓಡಾಡೋ ಗಾಡಿಯನ್ನು ನಾವು ಓಡಿಸೋದರಷ್ಟೇ ತಳ್ಳುತ್ತೀವಿ ಕೂಡ: ಷೆಡ್ಡಿನಿಂದ ಹೊರಗೆ, ಪಾರ್ಕಿಂಗಿನ ಸಂದಿಯಲ್ಲಿ, ಇಳಿಜಾರಿನಲ್ಲಿ ಹಿಂದಕ್ಕೆ. ಬೈಕುಗಳು ಬೀಳೋದು ಹೆಚ್ಚಾಗಿ ಹೆದ್ದಾರಿಯಲ್ಲಲ್ಲ, ಇಂಥ ನಿಂತ ಜಾಗಗಳಲ್ಲೇ. 170 ಕಿಲೋ ಕೈಗೆ ಸಿಕ್ಕಿತು. ಸೊಂಟಕ್ಕೆ ಒರಗಿಸಿಕೊಂಡರೆ ಒರಗುತ್ತೆ, ಎತ್ತಿದರೆ ಏಳುತ್ತೆ. ಕೂತರೆ ಐದು ಅಡಿ ಏಳಂಗುಲದ ನನಗೆ ಎರಡೂ ಪಾದ ನೆಲಕ್ಕೆ ಸಿಗುತ್ತೆ, ಹಿಮ್ಮಡಿ ಮಾತ್ರ ಒಂಚೂರು ಮೇಲೆ.

ಕ್ಲಚ್ಚು ಬೆಣ್ಣೆ. ಎರಡು ಬೆರಳು ಸಾಕು. ಇಂಜಿನ್ನಿನ ಸದ್ದು ಒಂಟಿ ಸಿಲಿಂಡರಿನ ಡುಗುಡುಗು, ಆದರೆ ಬುಲೆಟ್ಟಿನ ಗಾಂಭೀರ್ಯ ನಿರೀಕ್ಷಿಸಬೇಡಿ. ಇದು ಸ್ವಲ್ಪ ಅವಸರದ ಮನುಷ್ಯ, ಮಾತು ಮುಗಿಸೋಕೆ ಮುಂಚೆ ಎದ್ದು ಹೊರಡೋ ಥರ. ಮೊದಲ ರೌಂಡಬೌಟಿನಲ್ಲೇ ಗೊತ್ತಾಯಿತು ಹಗುರ ಅಂದರೇನು ಅಂತ. 650ರಲ್ಲಿ ನಾನು ಗಾಡಿಯನ್ನು ತಿರುಗಿಸುತ್ತಿದ್ದೆ, ಇದರಲ್ಲಿ ನಾನು ನೋಡಿದ ಕಡೆ ಗಾಡಿ ತಿರುಗಿತು. ಎರಡು ಚಕ್ರಗಳ ನಡುವಿನ ಅಂತರ 1,377 ಮಿಲಿಮೀಟರು ಮಾತ್ರ, ಹ್ಯಾಂಡಲ್ ಅಗಲ, ತೂಕ ಕಡಿಮೆ. ಈ ಮೂರೂ ಸೇರಿದಾಗ ಗಾಡಿ ಮಾತು ಕೇಳುತ್ತೆ.

ಒಂದು ವಿಷಯ ಮಾತ್ರ ಸರಿಯಾಗಿ ತಿಳ್ಕೋಬೇಕು. ಗಾಡಿ ಹಗುರ ಅಂದ ಮಾತ್ರಕ್ಕೆ ಬ್ರೇಕ್ ಹಾಕಿದ ತಕ್ಷಣ ನಿಂತುಬಿಡುತ್ತೆ ಅಂತಲ್ಲ. ತೂಕ ಕಡಿಮೆಯಾದರೆ ಟೈರು ನೆಲವನ್ನು ಹಿಡಿಯೋ ಬಲವೂ ಅದೇ ಲೆಕ್ಕದಲ್ಲಿ ಕಡಿಮೆ. ಇಲ್ಲಿನ ಹೈವೇ ಕೋಡ್ ಪುಸ್ತಕದ ಪ್ರಕಾರ 30 ಮೈಲಿ ವೇಗದಲ್ಲಿ ನಿಲ್ಲೋಕೆ 23 ಮೀಟರ್ ಬೇಕು, 60ರಲ್ಲಿ 73 ಮೀಟರ್. ಅದರಲ್ಲಿ 18 ಮೀಟರ್ ನಮ್ಮ ತಲೆ ಯೋಚನೆ ಮಾಡಿ ಕೈಗೆ ಹೇಳೋ ಹೊತ್ತಿಗೇ ಖರ್ಚಾಗಿರುತ್ತೆ. ಸಿಸಿ ಎಷ್ಟಾದರೂ ಆ 18 ಮೀಟರ್ ಯಾರೂ ವಾಪಸ್ಸು ಕೊಡೋಲ್ಲ. ಹಗುರ ಗಾಡಿ ಕೊಡೋದು ಬೇರೆ ಒಂದು ಲಾಭ: ಅದನ್ನು ಸಂಭಾಳಿಸೋಕೆ ತಲೆ ಖರ್ಚಾಗೋಲ್ಲ. ಉಳಿದ ತಲೆಯನ್ನು ಪೂರ್ತಿ ರಸ್ತೆಗೆ ಕೊಡಬಹುದು.

ಇದು ಬಾಯಿಮಾತಿಗೆ ಹೇಳಿದ್ದಲ್ಲ. ಸ್ಮಿಡ್ಸಿ ಅನ್ನೋ ಪದ ಇಲ್ಲಿನ ಬೈಕ್ ಸವಾರರೆಲ್ಲರ ಬಾಯಲ್ಲಿ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ "ಸಾರಿ ಮಾರಾಯ್ರೇ, ನೀವು ಕಾಣಲೇ ಇಲ್ಲ". ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ನುಗ್ಗಿದ ಕಾರಿನವರು, ಬೈಕಿನವನು ಬಿದ್ದ ಮೇಲೆ ಬಂದು ಹೇಳೋ ಮಾತಿನ ಮೊದಲಕ್ಷರಗಳು ಅವು. ಅವರು ಸುಳ್ಳು ಹೇಳೋದಿಲ್ಲ, ಅದೇ ತಮಾಷೆ. ನೋಡಿರ್ತಾರೆ, ಆದರೆ ಕಂಡಿರೋಲ್ಲ. ಸಣ್ಣ ವಸ್ತು ದೂರದಲ್ಲಿದೆ, ನಿಧಾನವಾಗಿ ಬರ್ತಿದೆ ಅಂತ ಕಣ್ಣು ಲೆಕ್ಕ ಹಾಕುತ್ತೆ. ಕಾರಿನ ಮುಂದಿನ ಕಂಬದ ಮರೆಯಲ್ಲಿ ಇಡೀ ಬೈಕು ಅಡಗಿಬಿಡಬಹುದು. 1981ರಲ್ಲಿ ಅಮೆರಿಕದಲ್ಲಿ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸ್ ಕಡೆಯ ಒಂಬೈನೂರು ಬೈಕ್ ಅಪಘಾತಗಳನ್ನು ಒಂದೊಂದಾಗಿ ಪರಿಶೀಲಿಸಿ ಕೊಟ್ಟ ವರದಿಯಲ್ಲೂ ಇದೇ ಇತ್ತು: ಬೈಕಿಗೆ ಇನ್ನೊಂದು ವಾಹನ ಡಿಕ್ಕಿಯಾದ ಮೂರರಲ್ಲಿ ಎರಡು ಪ್ರಕರಣಗಳಲ್ಲಿ ದಾರಿ ಬಿಡದೆ ನುಗ್ಗಿದ್ದು ಆ ಇನ್ನೊಂದು ವಾಹನ.

ನನಗೂ ಆವತ್ತು ಒಬ್ಬರು ಸಿಕ್ಕರು. ಮೂವತ್ತರ ಮಿತಿಯ ರಸ್ತೆ, ಎಡಗಡೆ ಒಂದು ಓಣಿ, ಓಣಿಯ ಬಾಯಲ್ಲಿ ಬೂದು ಬಣ್ಣದ ಕಾರು. ಡ್ರೈವರ್ ನನ್ನ ಕಡೆ ಮುಖ ತಿರುಗಿಸಿದರು, ಕಣ್ಣಿಗೆ ಕಣ್ಣು ಸೇರಿದ ಹಾಗೇ ಆಯಿತು. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು, ಮುಖ ನಂಬಬೇಡಿ, ಮುಂದಿನ ಚಕ್ರ ನೋಡಿ ಅಂತ. ಚಕ್ರ ಉರುಳಿತು. ನನ್ನ ಬೆರಳು ಆಗಲೇ ಬ್ರೇಕಿನ ಮೇಲಿತ್ತು. ಹಿಡಿದೆ. ಮುಂದಿನ 300 ಮಿಲಿಮೀಟರಿನ ಡಿಸ್ಕು ಕಚ್ಚಿತು, ಎಬಿಎಸ್ ಲಿವರಿನಲ್ಲಿ ಟಕಟಕ ಅಂತ ಎರಡು ಸಲ ಮಿಡಿಯಿತು, ಗಾಡಿ ನೇರವಾಗಿ, ಒಂಚೂರೂ ಅಲ್ಲಾಡದೆ ನಿಂತಿತು. ಕಾರು ಅರ್ಧ ರಸ್ತೆಯಲ್ಲಿತ್ತು. ಅವರು ಕೈ ಎತ್ತಿ ಕ್ಷಮೆ ಕೇಳಿದರು, ನಾನೂ ಕೈ ಎತ್ತಿದೆ. ಎಲ್ಲ ಸೇರಿ ನಾಲ್ಕು ಸೆಕೆಂಡಿನ ನಾಟಕ. ಎದೆ ಬಡಿತ ಮಾತ್ರ ಮುಂದಿನ ಎರಡು ಸಿಗ್ನಲ್‌ವರೆಗೂ ಜೊತೆಗೇ ಬಂತು.

ಎಬಿಎಸ್ ಬಗ್ಗೆ ಎರಡು ಮಾತು. ಅಮೆರಿಕದ ವಿಮಾ ಕಂಪೆನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಒಂದೇ ಮಾದರಿಯ ಬೈಕುಗಳನ್ನು ಎಬಿಎಸ್ ಇದ್ದದ್ದು, ಇಲ್ಲದ್ದು ಅಂತ ಹೋಲಿಸಿ ನೋಡಿದಾಗ, ಇದ್ದವುಗಳಲ್ಲಿ ಸಾವಿನ ಅಪಘಾತಗಳ ಪ್ರಮಾಣ ನೂರಕ್ಕೆ 22ರಷ್ಟು ಕಡಿಮೆ ಇತ್ತು. ಭಾರತದಲ್ಲಿ 125 ಸಿಸಿ ದಾಟಿದ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ. ಊರಲ್ಲಿ ಹಳೇ ಗಾಡಿ ಕೊಳ್ಳೋರು ಯಾರಾದರೂ ಇದನ್ನು ಓದ್ತಿದ್ದರೆ, ಬಣ್ಣ, ಸ್ಟಿಕರು ನೋಡೋಕೆ ಮುಂಚೆ ಇದನ್ನು ನೋಡಿ.

ಅಲ್ಲಿಂದ ಮುಂದೆ ಕವೆಂಟ್ರಿಯ ರಿಂಗ್ ರೋಡು. ಈ ಊರಿಗೆ ಬಂದವರಿಗೆಲ್ಲ ಅದರ ಮಹಿಮೆ ಗೊತ್ತು. ಎರಡೂಕಾಲು ಮೈಲಿಯ ಒಂದು ಚಿಕ್ಕ ಬಳೆ, ಅದರಲ್ಲಿ ಒಂಬತ್ತು ಜಂಕ್ಷನ್ನು. ಹತ್ತೋರು, ಇಳಿಯೋರು ಒಂದೇ ಪಟ್ಟಿಯಲ್ಲಿ ಎಡಬಲ ಅದಲುಬದಲಾಗಬೇಕು, ಜಡೆ ಹೆಣೆದ ಹಾಗೆ. ನನ್ನ ದಿನದ ದಾರಿ ಇದೇ ಆಗಿರೋದರಿಂದ ಒಂದು ಪೂರ್ತಿ ಸುತ್ತು ಹೊಡೆದೆ. ಇಲ್ಲಿ ಬೇಕಾಗಿದ್ದು ಜೋರಿನ ವೇಗ ಅಲ್ಲ, ಇಪ್ಪತ್ತೈದರಿಂದ ನಲವತ್ತಕ್ಕೆ ಚಕ್ ಅಂತ ಏರೋ ಶಕ್ತಿ. ಮೂರನೇ ಗೇರಿನಲ್ಲೇ ಅಷ್ಟೂ ಸಿಕ್ಕಿತು. ಹೆಗಲ ಮೇಲಿಂದ ಹಿಂದೆ ತಿರುಗಿ ನೋಡೋದಕ್ಕೆ ಇಲ್ಲಿನ ತರಬೇತಿಯಲ್ಲಿ ಲೈಫ್‌ಸೇವರ್ ಅನ್ನುತ್ತಾರೆ, ಪ್ರಾಣ ಉಳಿಸೋ ನೋಟ. ಹ್ಯಾಂಡಲಿನ ತುದಿಯಲ್ಲಿರೋ ಈ ಗಾಡಿಯ ಕನ್ನಡಿಗಳು ನೋಡೋಕೆ ಚಂದ, ಕೆಲಸವನ್ನೂ ಮಾಡ್ತವೆ. ಆದರೂ ಲೈಫ್‌ಸೇವರಿಗೆ ಕನ್ನಡಿ ಬದಲಿಯಲ್ಲ.

ಕೊನೆಗೆ ಊರಾಚೆಯ ಫಾಸ್ ವೇ. ರೋಮನ್ನರು ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹಾಕಿದ ರಸ್ತೆ, ವಾರ್ವಿಕ್‌ಶೈರಿನ ಹೊಲಗಳ ಮಧ್ಯೆ ಏರಿ ಇಳಿದು ಹೋಗುತ್ತೆ. ದಿಬ್ಬದ ಆಚೆ ಏನಿದೆ ಅಂತ ಕಾಣೋಲ್ಲ, ಟ್ರ್ಯಾಕ್ಟರ್ ಇರಬಹುದು, ಕುದುರೆ ಮೇಲೆ ಕೂತ ಹುಡುಗಿ ಇರಬಹುದು. ಐವತ್ತು, ಐವತ್ತೈದರಲ್ಲಿ ಗಾಡಿ ಖುಷಿಯಾಗಿತ್ತು. ಅರವತ್ತು ಮುಟ್ಟಿದಾಗ ಗಾಳಿ ಎದೆಗೆ ಕೈ ಇಟ್ಟು ತಳ್ಳೋಕೆ ಶುರು. ಬಟ್ಟೆ ಇಲ್ಲದ ಗಾಡಿಯ ಬೆಲೆ ಇದು. ಇಂಜಿನ್ನು ಮೇಲೇರಿದ ಹಾಗೆ ಕಾಲಿಡೋ ಪೆಗ್ಗಿನಲ್ಲಿ, ಹಿಡಿಯಲ್ಲಿ ಸಣ್ಣ ಜುಮುಜುಮು. ಮೋಟಾರ್‌ವೇಯಲ್ಲಿ ಎಪ್ಪತ್ತರಲ್ಲಿ ಎರಡು ಗಂಟೆ ಹೋಗೋರಿಗೆ ಇದು ಆಗೋಲ್ಲ. ಹೋಗೋಕೆ ಆಗೋದೇ ಇಲ್ಲ ಅಂತಲ್ಲ, ಇಳಿದ ಮೇಲೆ ಬೆರಳುಗಳನ್ನು ಹುಡುಕಬೇಕಾಗುತ್ತೆ. ಸೀಟು ಮುಕ್ಕಾಲು ಗಂಟೆಗೆ ಚೆನ್ನಾಗಿತ್ತು, ಆಮೇಲೆ ಹಲಗೆಯ ನೆನಪು ಬಂತು. ಹಿಂದಿನ ಸೀಟು ಇನ್ನೂ ಗಟ್ಟಿ. ಇಬ್ಬರು ಲಾಂಗ್ ಟ್ರಿಪ್ ಹೋಗೋ ಆಸೆ ಇದ್ದರೆ ಮನೆಯವರನ್ನೂ ಕರೆದುಕೊಂಡು ಹೋಗಿ ಕೂರಿಸಿ ನೋಡಿ, ಮಾತಾಡದೆ ತೀರ್ಮಾನ ಹೇಳ್ತಾರೆ.

ಮನೆಗೆ ಬಂದ ಮೇಲೆ ಲೆಕ್ಕಕ್ಕೆ ಕೂತೆವು. ನಮ್ಮಾಕೆ ಅಂಕಿಅಂಶ ಕೇಳಿದಳು, ನಾನು ಮುಚ್ಚಿಡಲಿಲ್ಲ. 2023ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 1,624, ಅದರಲ್ಲಿ 315 ಮಂದಿ ಬೈಕಿನವರು. ರಸ್ತೆಯ ಮೇಲಿನ ಒಟ್ಟು ಸಂಚಾರದಲ್ಲಿ ಬೈಕುಗಳ ಪಾಲು ನೂರಕ್ಕೆ ಒಂದರ ಆಸುಪಾಸು, ಸಾವಿನಲ್ಲಿ ಐದಕ್ಕೆ ಒಂದು. ಇದನ್ನು ಕೇಳಿ ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳು ಹೇಳಿದ್ದು ನನಗೆ ಯಾವ ಪತ್ರಿಕೆಯ ವಿಮರ್ಶೆಯಲ್ಲೂ ಸಿಕ್ಕಿರದ ಮಾತು.

"ನಮ್ಮ ವಾರ್ಡಿಗೆ ಬೈಕಿನವರು ಬಂದರೆ ನಾನು ಮೊದಲು ಕೇಳೋದು, ಏನು ಹಾಕ್ಕೊಂಡಿದ್ದರು ಅಂತ. ಹೆಲ್ಮೆಟ್ ಎಲ್ಲರೂ ಹಾಕಿರ್ತಾರೆ, ಕಾನೂನು. ಬೂಟು ಹಾಕಿರೋಲ್ಲ. ಜೀನ್ಸು, ಟ್ರೇನರ್ ಷೂ. ಪಾದದ ಮೂಳೆ ಪುಡಿಯಾದರೆ ಜೋಡಿಸೋದು ಎಷ್ಟು ಕಷ್ಟ ಗೊತ್ತಾ ನಿಮಗೆ? ನೀವು ಗಾಡಿ ತಗೊಳ್ಳಿ ಬಿಡಿ, ಆದರೆ ಬೂಟು ನಾನು ಆರಿಸ್ತೀನಿ."

ಜೊತೆಗೆ ಇನ್ನೂ ಮೂರು ಷರತ್ತು. ಹಿಮ ಬಿದ್ದ ದಿನ, ರಸ್ತೆ ಹೆಪ್ಪುಗಟ್ಟಿದ ದಿನ ಬಸ್ಸು. ಮಗಳನ್ನು ಅವಳಿಗೆ ಹದಿನಾರು ಆಗೋವರೆಗೂ ಹಿಂದೆ ಕೂರಿಸೋ ಹಾಗಿಲ್ಲ. ಆಫೀಸು ತಲುಪಿದ ಕೂಡಲೇ ಒಂದು ಮೆಸೇಜು, ಹೊರಡುವಾಗ ಒಂದು. ಬರೆದುಕೊಂಡೆ. ಗಾಡಿಯ ಬೆಲೆ ಇಲ್ಲಿ ಬಿಡುಗಡೆಯಾದಾಗ 4,995 ಪೌಂಡು. ಅದರ ಮೇಲೆ ಸರಕಾರದ ಷಾರ್ಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಹೆಲ್ಮೆಟ್ಟು, ಎಎ ದರ್ಜೆಯ ಜಾಕೆಟ್ಟು ಪ್ಯಾಂಟು, ಅವಳು ಆರಿಸಿದ ಹರಡು ಮುಚ್ಚೋ ಬೂಟು, ಕೈಗವಸು ಸೇರಿ ಸುಮಾರು ಏಳುನೂರು ಪೌಂಡು. ಈ ಏಳುನೂರನ್ನು ಗಾಡಿಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು, ಆಮೇಲೆ ನೋಡೋಣ ಅನ್ನೋದಲ್ಲ. ಇಷ್ಟು ದುಡ್ಡಿಗೆ ಹಳೇ ಕಾರು ಬರೋಲ್ವಾ ಅಂದರೆ ಬರುತ್ತೆ. ಅದರ ಇನ್ಷೂರೆನ್ಸು, ಪಾರ್ಕಿಂಗು, ರಿಂಗ್ ರೋಡಿನ ಬೆಳಗಿನ ಸಾಲು ಕೂಡ ಅದರ ಜೊತೆಗೇ ಬರುತ್ತೆ.

ಟೆಸ್ಟ್ ರೈಡಿಗೆ ಹೋಗೋರಿಗೆ ನನ್ನ ಕಡೆಯಿಂದ ಇಷ್ಟು. ನೀವು ದಿನಾ ಹಾಕಿಕೊಳ್ಳೋ ಜಾಕೆಟ್ಟು, ಬೂಟು ಹಾಕ್ಕೊಂಡೇ ಹೋಗಿ, ಬೂಟಿನ ದಪ್ಪಕ್ಕೆ ಗೇರ್ ಲಿವರ್ ಸಿಗುತ್ತಾ ಅಂತ ಗೊತ್ತಾಗುತ್ತೆ. ಓಡಿಸೋಕೆ ಮುಂಚೆ ತಳ್ಳಿ. ಇಂಜಿನ್ನು ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ. ಖಾಲಿ ಜಾಗದಲ್ಲಿ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಒಂದು ಸಲ ಬ್ರೇಕನ್ನು ಗಟ್ಟಿಯಾಗಿ ಹಿಡಿದು ನೋಡಿ, ಬೇಕಾದ ಹೊತ್ತಲ್ಲಿ ಅದು ಹೊಸ ಅನುಭವ ಆಗಬಾರದು. ಕಿರಿದಾದ ಜಾಗದಲ್ಲಿ ಒಂದು ಯು-ಟರ್ನ್ ಮಾಡಿ. ನೀವು ದಿನಾ ಹೋಗೋ ದಾರಿಯಲ್ಲೇ ಓಡಿಸಿ, ಖಾಲಿ ಹೆದ್ದಾರಿಯಲ್ಲಿ ಎಲ್ಲ ಗಾಡಿಯೂ ಚೆನ್ನಾಗೇ ಇರುತ್ತೆ. ಕೊನೆಗೆ ಸರ್ವಿಸ್ ಯಾವಾಗ ಅಂತ ಕೇಳಿ. ಇದಕ್ಕೆ ಹತ್ತು ಸಾವಿರ ಮೈಲಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ. ಅಲ್ಲೇ ನಿಂತು ಸಹಿ ಮಾತ್ರ ಹಾಕಬೇಡಿ. ಇಳಿದ ಹತ್ತು ನಿಮಿಷ ಮನುಷ್ಯ ಹದಿನೆಂಟು ವರ್ಷದವನಾಗಿರ್ತಾನೆ, ಹದಿನೆಂಟರವನ ಕೈಯಲ್ಲಿ ಚೆಕ್ ಬುಕ್ಕು ಕೊಡಬಾರದು.

ನಾವು ಎರಡು ವಾರ ಬಿಟ್ಟು ಬುಕ್ ಮಾಡಿದೆವು. ಬೂಟು ಆಗಲೇ ಬಂದಿದೆ, ಬಾಗಿಲ ಪಕ್ಕ ಮಗಳ ಷೂಗಳ ಸಾಲಿನಲ್ಲಿ ನಿಂತಿದೆ. ಲಂಡನ್ನಿನ ಗೆಳೆಯರೊಬ್ಬರಿಗೆ ಫೋನಿನಲ್ಲಿ ಈ ಕಥೆಯನ್ನೆಲ್ಲ ಹೇಳಿದೆ. ಸಿಸಿ, ತೂಕ, ಎಬಿಎಸ್, ಬೂಟು ಎಲ್ಲ ತಾಳ್ಮೆಯಿಂದ ಕೇಳಿ ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಪ್ರಪಂಚದ ಯಾವ ಮೂಲೆಗೆ ಹೋದರೂ ಕನ್ನಡಿಗ ಬೈಕಿನ ಬಗ್ಗೆ ಕೇಳೋ ಅದೇ ಪ್ರಶ್ನೆ: "ಅದಿರಲಿ, ಎಷ್ಟು ಕೊಡುತ್ತೆ?" ಸ್ವಾಮಿ, ನಾನು ಓಡಿಸಿದ್ದು ಇಪ್ಪತ್ತಾರು ಮೈಲಿ. ಮುಳ್ಳು ಅಲ್ಲಾಡಲೂ ಇಲ್ಲ. ಈ ದೇಶದಲ್ಲಿ ಪೆಟ್ರೋಲ್ ಮಾರೋದು ಲೀಟರಿನಲ್ಲಿ, ಮೈಲೇಜ್ ಹೇಳೋದು ಗ್ಯಾಲನ್ನಿನಲ್ಲಿ. ಗಾಡಿ ಬರಲಿ, ಒಂದು ಟ್ಯಾಂಕು ಓಡಿಸಿ, ಗುಣಿಸಿ ಭಾಗಿಸಿ ಹೇಳ್ತೀನಿ.